ಮುಂದಿನ ಸೀಟಿನ ಹಾರ

ನನ್ನ ಸೋದರತ್ತೆಯ ಬಲಗೈ ಹಿಂಬದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಸುಟ್ಟ ಕಲೆಯಿತ್ತು. ಬಸ್ಸು ನ್ಯಾಮತಿಗೆ ಬಂದು ನಿಂತೊಡನೆ, ಮಗುವಿನ ಜ್ವರ ನೋಡುವವರಂತೆ ಎಂಜಿನ್ನಿನ ಮುಚ್ಚಳಕ್ಕೆ ಹಿಂಗೈ ಒತ್ತುವ ಚಟಕ್ಕೆ ಸಿಕ್ಕ ಬಹುಮಾನ ಅದು. ಮಾವ ತೀರಿಕೊಂಡಾಗ ಅವರ ಪಾಲಿಗೆ ಉಳಿದದ್ದು ಆ ಬಸ್ಸೊಂದೇ. ಹೆಂಗಸು ಬಸ್ಸು ನಡೆಸುವುದುಂಟೇ ಎಂದು ನಕ್ಕವರೇ ಅದರಲ್ಲಿ ಹೊನ್ನಾಳಿಗೆ ಹೋಗುತ್ತಿದ್ದರು. ಅತ್ತೆ ಯಾರಿಗೂ ಜಾಗವಿಲ್ಲ ಎಂದವರಲ್ಲ. "ಒತ್ತರಿಸಿ ಕೂತ್ಕೊಳ್ರಿ, ಹೊನ್ನಾಳಿ ಏನು ಕಾಶೀಲಿ ಐತಾ?" ಎನ್ನುವರು.

ನಾನು ಕಾಲೇಜು ಓದುತ್ತಿದ್ದಾಗಿನ ಒಂದು ಬೇಸಿಗೆಯಲ್ಲಿ ಹೊನ್ನಾಳಿಯ ಸಾಹುಕಾರನೊಬ್ಬ ಅದೇ ದಾರಿಗೆ ವೇಗದ ಬಸ್ಸು ಬಿಟ್ಟ. ಅತ್ತೆ ಹಠಕ್ಕೆ ಬಿದ್ದು, ತಮ್ಮ ಬಸ್ಸಿಗೆ ಹೆಚ್ಚು ಬಲದ ಹೊಸ ಎಂಜಿನ್ ಕೂರಿಸಿದರು. ವರ್ಷದ ಗ್ಯಾರಂಟಿ. ನಮ್ಮಲ್ಲಿ ಹೊಸ ಎಂಜಿನ್ನಿನ ಮೊದಲ ಸವಾರಿ ಬೆಟ್ಟದ ದೇವರಿಗೆ, ಊರವರಿಗೆಲ್ಲ ಪುಕ್ಕಟೆ. ದೇವರಿಗೆ ಎಂಜಿನ್ನಿನ ಗೊಡವೆ ಏಕೆಂದು ನಾನು ವಾದಿಸಿದೆ. ಯಾರು ಕೇಳಬೇಕು? ಬಸ್ಸಿನ ಒಳಗೂ ಜನ, ಚಾವಣಿಯ ಮೇಲೂ ಜನ. ಮುಂದಿನ ಸೀಟಿನಲ್ಲಿ, ಕೊರಳಿಗೆ ಮಲ್ಲಿಗೆ ಹಾರ ಹಾಕಿಸಿಕೊಂಡು, ಎಂಜಿನ್ ಮಾರಿದ ಕಂಪನಿಯ ಏಜೆಂಟ್. ಅರ್ಧ ಏರಿನಲ್ಲಿ ಎಂಜಿನ್ ಕಟಕಟ ಹಲ್ಲು ಕಡಿದು ಬಿಗಿದುಕೊಂಡಿತು. ಮತ್ತೆ ತಿರುಗಲಿಲ್ಲ.

ಬದಲಿ ಎಂಜಿನ್ ಕೇಳಿದಾಗ ಅದೇ ಏಜೆಂಟ್ ಅತ್ತೆಯ ಜಗಲಿಯಲ್ಲಿ ಕೂತು ತಲೆಯಾಡಿಸಿದ.

"ಹೊಸ ಎಂಜಿನ್ ಪಳಗೋವರೆಗೂ ಅರ್ಧ ಭಾರನೇ ಹಾಕ್ಬೇಕು ಅಂತ ಷರತ್ತೈತಮ್ಮಾ. ಕಂಪನಿ ಒಪ್ಪಲ್ಲ."

ಬಸ್ಸು ಇನ್ನೊಂದು ತಿಂಗಳು ನಿಂತರೆ ಅತ್ತೆಯ ಲೈಸೆನ್ಸು ರದ್ದಾಗಿ, ದಾರಿ ಪೂರ್ತಿ ಸಾಹುಕಾರನ ಪಾಲಾಗುತ್ತಿತ್ತು. ಶಿವಮೊಗ್ಗೆಯ ಕಾಲೇಜಿನ ಚರ್ಚಾಕೂಟದಲ್ಲಿ ಹರಿತಗೊಂಡ ನಾಲಿಗೆ ನನ್ನದು. ಮುಂದೆ ಬಂದೆ.

"ಅವತ್ತು ಮುಂದಿನ ಸೀಟಲ್ಲಿ ಕೂತಿದ್ದೋರು ಯಾರು ಸ್ವಾಮಿ?"

"ನಾನೇ."

"ಭಾರ ಹೆಚ್ಚಾಗಿರಲಿಲ್ಲ ಅಂದ್ರೆ ಎಂಜಿನ್ ಕೊಡ್ರಿ. ಹೆಚ್ಚಾಗಿತ್ತು ಅಂದ್ರೆ, ಕಂಪನಿ ಮನುಷ್ಯನೇ ನೋಡ್ಕೊಂಡು ಸುಮ್ನೆ ಕೂತಿದ್ದ ಅಂತ ಬರ್ಕೊಡ್ರಿ. ಯಾವುದು?"

ಅವನು ಎದ್ದು ನಿಂತ. "ಹಂಗೆ ಬರೆದ್ರೆ ನನ್ನ ಕೆಲ್ಸ ಹೋಗ್ತೈತೆ."

"ಅದಕ್ಕೂ ವಾದಕ್ಕೂ ಸಂಬಂಧವಿಲ್ಲ," ಎಂದೆ.

"ಲೇ, ಬಾಯಿ ಮುಚ್ಚು," ಎಂದರು ಅತ್ತೆ. ಅವನ ಕಡೆ ತಿರುಗಿದರು. "ಭಾರ ಆತು ಅಂತ ಅವತ್ತೇ ಯಾಕೆ ಅನ್ಲಿಲ್ಲ?"

ಅವನು ಕೊರಳು ಮುಟ್ಟಿಕೊಂಡ. "ಹಾರ ಹಾಕಿದ್ರಲ್ಲಮ್ಮಾ. ಬಾಯೇ ಬರಲಿಲ್ಲ."

ಅತ್ತೆ ಸುಟ್ಟ ಕಲೆಯನ್ನು ಉಜ್ಜಿಕೊಂಡರು. "ನಂದೂ ಅದೇ ಹಣೆಬರಹ. ಸದ್ದು ಸರಿಯಿಲ್ಲ ಅಂತ ಡ್ರೈವರು ಬೆಟ್ಟದ ಬುಡದಲ್ಲೇ ಹೇಳಿದ್ದ. ದೇವರಿಗೆ ಹೊಂಟೋರನ್ನ ಇಳೀರಿ ಅನ್ನಾಕೆ ಆಗ್ತೈತಾ? ಎಂಜಿನ್ ಭಾರಕ್ಕೆ ಸತ್ತಿಲ್ಲ ಕಣಪ್ಪಾ, ನಮ್ಮಿಬ್ಬರ ದಾಕ್ಷಿಣ್ಯಕ್ಕೆ ಸತ್ತೈತೆ. ನನ್ನ ತಪ್ಪು ಬರಿ. ನಿನ್ನದು ಬರೆಯೋದು ಬಿಡೋದು ನಿನಗೆ ಬಿಟ್ಟಿದ್ದು."

ಅವನು ಹೋದಮೇಲೆ ನಾನು ಕೂಗಾಡಿದೆ. "ಗೆದ್ದ ಕೇಸು ಕೆಡಿಸಿದ್ರಲ್ಲ!"

"ನೀನು ಗೆದ್ದಿದ್ದು ಅವನನ್ನ. ನನಗೆ ಬೇಕಾಗಿದ್ದು ಎಂಜಿನ್ನು."

ಸಾಹುಕಾರನ ಬಸ್ಸು ದಿನಾ ನಮ್ಮ ಬಾಗಿಲಲ್ಲಿ ಬೇಕೆಂದೇ ಹಾರ್ನ್ ಬಾರಿಸಿ ಹೋಗುತ್ತಿತ್ತು. ಅತ್ತೆ ತಣ್ಣಗಿನ ಎಂಜಿನ್ನಿಗೆ ಹಿಂಗೈ ಇಟ್ಟು ನಿಲ್ಲುವರು. ತಿಂಗಳು ತುಂಬುವ ಮೊದಲು ಬದಲಿ ಎಂಜಿನ್ ಬಂತು. ಏಜೆಂಟ್ ತಾನು ಕೂತದ್ದನ್ನೂ ಸುಮ್ಮನಿದ್ದದ್ದನ್ನೂ ಬರೆದಿದ್ದ. ಅವನ ಕೆಲಸ ಹೋಯಿತು. ಅತ್ತೆ ಹೇಳಿಕಳಿಸಿ ಕರೆಸಿ, ತಮ್ಮ ಬಸ್ಸಿಗೇ ಕಂಡಕ್ಟರ್ ಮಾಡಿಕೊಂಡರು.

ಆ ಸಲದ ಬೆಟ್ಟದ ಸವಾರಿಗೆ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. "ನೀನು ನಿಲ್ಲು. ನಿನಗೆ ದಾಕ್ಷಿಣ್ಯ ಇಲ್ಲ." ಅರ್ಧ ಊರನ್ನು ಇಳಿಸಿ ಶಾಪ ಹಾಕಿಸಿಕೊಂಡೆ. ಅತ್ತೆ ತಾವೂ ಹತ್ತದೆ, ಬಸ್ಸಿನ ಹಿಂದೆ ಬೆಟ್ಟಕ್ಕೆ ನಡೆದೇ ಬಂದರು.

ಹೋದ ವರ್ಷ ಜ್ವರ ಬಂದು ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ಕೊನೆಯ ದಿನ ನೋಡಲು ಬಂದವರಿಂದ ಕೋಣೆ ಕಿಕ್ಕಿರಿದಿತ್ತು. ಬಾಗಿಲಲ್ಲಿ ಕೈಕಟ್ಟಿ ನಿಂತ ಕಂಡಕ್ಟರಿಗೆ ಯಾರನ್ನೂ ಹೊರಗೆ ಕಳಿಸಲು ಬಾಯಿಲ್ಲ. ಅತ್ತೆ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ಭಾರ ಹೆಚ್ಚಾತು. ಇಳಿಸೋ."

ಒಬ್ಬರನ್ನೂ ಬಿಡದೆ ಕಳಿಸಿ ಕದ ಹಾಕಿದೆ. ಅವರ ಹಣೆಗೆ ಹಿಂಗೈ ಇಟ್ಟು ಕೂತೆ. ನನಗೂ ಇಳಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ನಾನೂ ಇಳಿಯಲಿಲ್ಲ.