ಬೋರ್ಡಿಲ್ಲದ ಚಿತ್ರಗಳಿಗಾಗಿ ಬಸವಕಲ್ಯಾಣಕ್ಕೆ

ಹುಮನಾಬಾದಿನಿಂದ ಬೆಳಗಿನ ಬಸ್ಸಿಗೆ ಹೊರಟಾಗ ನನ್ನ ಹೆಗಲ ಮೇಲೆ ಡಿಜಿಟಲ್ ಕ್ಯಾಮೆರಾ ಇತ್ತು. ಪಕ್ಕದಲ್ಲಿ ನನ್ನ ಗಂಡನ ಅಕ್ಕ ಕಮಲಾಬಾಯಿ, ಅವರ ತೊಡೆಯ ಮೇಲೆ ಖಡಕ್ ರೊಟ್ಟಿಯ ಗಂಟು. ಅದು ಎರಡು ಸಾವಿರದ ಏಳನೇ ಇಸವಿಯ ಡಿಸೆಂಬರ್. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ, ಚಳಿಗಾಳಿ ನೇರ ಮುಖಕ್ಕೇ ಬೀಸುತ್ತಿತ್ತು. ಟಿಕೆಟ್ ಹದಿನೆಂಟು ರೂಪಾಯಿ. ಬಸವಕಲ್ಯಾಣಕ್ಕೆ ಒಂದು ತಾಸಿನ ದಾರಿ.

ಹುಮನಾಬಾದಿನಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ. ಮದುವೆ, ಜವಳದಂಥ ಕಾರ್ಯಕ್ರಮಗಳು ಗಂಡನ ಪಾಲು. ಹೆಣ್ಣುಮಕ್ಕಳ ಪಾಸ್‌ಪೋರ್ಟ್ ಫೋಟೊ ನನ್ನ ಪಾಲು. ನೀಲಿ ಪರದೆಯ ಮುಂದೆ ಕೂರಿಸಿ ‘ಗಲ್ಲ ಸ್ವಲ್ಪ ಮ್ಯಾಲ’ ಎಂದು ಹೇಳಿ ಹೇಳಿ ನನಗೆ ಬೇಸರ ಬಂದಿತ್ತು. ಆಗ ನಮ್ಮ ಬೀದಿಯ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ಒಂದು ಹೊಸ ದಾರಿ ಕಂಡುಕೊಂಡೆ. ಚಿತ್ರಗಳನ್ನು ವಿದೇಶದ ಒಂದು ಏಜೆನ್ಸಿಗೆ ಕಳಿಸಿದರೆ ಅವರು ತಮ್ಮ ವೆಬ್‌ಸೈಟಿನಲ್ಲಿ ಇಡುತ್ತಾರೆ. ಯಾವ ದೇಶದ ಪತ್ರಿಕೆಯವರೋ, ಕಂಪನಿಯವರೋ ಕೊಂಡಾಗ ನಮಗೊಂದು ಪಾಲು ಬರುತ್ತದೆ. ಆದರೆ ಮೊದಲು ಅವರ ಪರೀಕ್ಷೆ ಪಾಸಾಗಬೇಕು. ಹತ್ತು ಚಿತ್ರ ಕಳಿಸಿದ್ದೆ, ಏಳನ್ನು ತಿರಸ್ಕರಿಸಿದ್ದರು. ಒಂದು ಮಸುಕು, ಒಂದು ಕತ್ತಲು, ಉಳಿದವುಗಳಲ್ಲಿ ಯಾವುದೋ ಕಂಪನಿಯ ಹೆಸರು, ಅದು ಚಿತ್ರದಲ್ಲಿ ಕಾಣಬಾರದೆಂಬುದು ಅವರ ನಿಯಮ. ಇನ್ನೊಂದೇ ಅವಕಾಶವಿತ್ತು. ಈ ಸಲವೂ ಸೋತರೆ ಮತ್ತೆ ಅರ್ಜಿ ಹಾಕಲು ವರ್ಷ ಕಾಯಬೇಕು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಅವರ ಇಂಗ್ಲಿಷ್ ನಿಯಮಗಳನ್ನೆಲ್ಲ ಓದಿಕೊಂಡೇ ಹೊರಟಿದ್ದೆ.

ದಾರಿಯುದ್ದಕ್ಕೂ ಕಟಾವಿಗೆ ಬಂದ ತೊಗರಿ. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಹಬೆಯಾಡುವ ಲೋಟಗಳ ಸಾಲಿಗೆ ಎಳೆಬಿಸಿಲು ಬಿದ್ದು ಎಷ್ಟು ಚೆನ್ನಾಗಿತ್ತೆಂದರೆ, ಇಳಿದು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಹಿಂದಿನ ಗೋಡೆಯ ತುಂಬ ಸಿಮೆಂಟಿನ ಜಾಹೀರಾತು. ಬಗ್ಗಿ ನೋಡಿದೆ, ಲೋಟದ ಮೇಲೂ ಚಹಾಪುಡಿಯ ಹೆಸರು. ಚಹಾ ಕುಡಿದು ಬಸ್ಸು ಹತ್ತಿದೆ.

ಬಸವಕಲ್ಯಾಣದ ಬಜಾರಿನಲ್ಲೂ ಅದೇ ಕಥೆ. ಛತ್ರಿಯ ಮೇಲೆ ಹೆಸರು, ತಳ್ಳುಗಾಡಿಯ ಮೇಲೆ ಹೆಸರು, ಪೇರಲಹಣ್ಣು ತುಂಬಿದ ಡಬ್ಬದ ಮೇಲೂ ಹೆಸರು. ಹಣ್ಣು ಮಾರುವವನು ನನ್ನನ್ನೇ ನೋಡುತ್ತಿದ್ದ.

“ಏನ್ ಹುಡುಕಾಕತ್ತೀರಿ ಬಾಯಿ?” ಎಂದು ಕೇಳಿದ.

“ಹೆಸರಿಲ್ಲದ ಜಾಗಾ,” ಎಂದೆ.

“ಬಜಾರದಾಗ ಹ್ಯಾಂಗ ಸಿಗತೈತ್ರಿ? ಕಿಲ್ಲೇದಾಗ ನೋಡ್ರಿ.”

ಅವನ ಮಾತಿನಂತೆ ಕೋಟೆಗೆ ನಡೆದೆವು. ಕಪ್ಪು ಕಲ್ಲಿನ ಗೋಡೆ, ದಪ್ಪ ಬಾಗಿಲು, ಬುರುಜಿನ ಮೇಲೆ ಪಾರಿವಾಳಗಳ ಹಿಂಡು. ಒಂದೇ ಉಸಿರಿಗೆ ಹತ್ತಾರು ಚಿತ್ರ ತೆಗೆದೆ. ಆಮೇಲೆ ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಒಳ್ಳೆಯ ಚಿತ್ರಗಳಲ್ಲೆಲ್ಲ ಕಮಲಾಬಾಯಿ ಒಂದು ಮೂಲೆಯಲ್ಲಿ ನೆಟ್ಟಗೆ ನಿಂತಿದ್ದರು. ಕೈಯಲ್ಲಿ ಹುಮನಾಬಾದಿನ ಸೀರೆ ಅಂಗಡಿಯ ಚೀಲ, ಅಂಗಡಿಯ ಹೆಸರು ಸ್ಪಷ್ಟವಾಗಿ ಓದಲು ಬರುತ್ತಿತ್ತು.

“ಅಕ್ಕಾ, ನೀವು ಇದರಾಗ ಬರಬಾರದಿತ್ತು.”

“ಬರೇ ಕಲ್ಲ ಯಾರ್ ನೋಡತಾರ? ಮಂದಿ ಇರಬೇಕು,” ಎಂದರು ಅವರು.

ಅವರ ಮಾತು ತಪ್ಪೇನಲ್ಲ. ಕೋಟೆಯ ನೆರಳಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿಂದು ತ್ರಿಪುರಾಂತ ಕೆರೆಯ ಕಡೆ ಹೊರಟೆವು. ಆ ಮಂದಿ ಸಿಕ್ಕಿದ್ದು ಅಲ್ಲಿ.

ಕುರಿಗಳಿಗೆ ನೀರು ಕುಡಿಸುತ್ತಿದ್ದ ಆಕೆಯ ಹೆಸರು ಮಾಳಮ್ಮ. ಅರವತ್ತು ದಾಟಿದ ಹೆಂಗಸು, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಬೆಳ್ಳಿ ಕಡಗ. ನಕ್ಕರೆ ಮುಖದ ಗೆರೆಗಳೆಲ್ಲ ಒಟ್ಟಿಗೆ ನಗುತ್ತಿದ್ದವು. ಫೋಟೊ ತೆಗೆಯಲೇ ಎಂದು ಕೇಳಿದೆ. “ತಗೀರಿ, ಅದಕ್ಕೇನ್ ಆತು?” ಎಂದರು. ಹಾಗೆ ತೆಗೆದ ಚಿತ್ರದಂಥದ್ದು ಈ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಕಂಬಳಿಯ ಕಪ್ಪು, ಹಿಂದೆ ನೀರಿನ ಹೊಳಪು, ನಡುವೆ ಆ ಮುಖ. ಪರೀಕ್ಷೆ ಪಾಸಾದಂತೆಯೇ ಎಂದುಕೊಂಡೆ.

ಗುರುತು ಸಿಗುವ ಮುಖವಿದ್ದರೆ ಅವರ ಒಪ್ಪಿಗೆ ಕಾಗದದ ಮೇಲೆ ಬೇಕು ಎನ್ನುವುದು ಏಜೆನ್ಸಿಯ ನಿಯಮ. ಕಾಗದವನ್ನೂ ಶಾಯಿಪ್ಯಾಡನ್ನೂ ಹೊರತೆಗೆದೆ.

“ಇದರಾಗ ಏನ್ ಬರದಾರ?” ಮಾಳಮ್ಮ ಕೇಳಿದರು.

“ನಿಮ್ಮ ಫೋಟೊ ಕೊಂಡವರು ತಮಗ ಬೇಕಾದಲ್ಲಿ ಹಾಕಬಹುದು ಅಂತ.”

“ಬೇಕಾದಲ್ಲಿ ಅಂದ್ರ?”

“ಪೇಪರದಾಗ, ಪುಸ್ತಕದಾಗ, ಯಾವುದರೆ ಡಬ್ಬಿ ಮ್ಯಾಲ.”

“ಶೆರೆ ಬಾಟ್ಲಿ ಮ್ಯಾಲ?”

ಕಮಲಾಬಾಯಿ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದರು. ‘ಇಲ್ಲ’ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಕೆ ನನ್ನ ಕಣ್ಣನ್ನೇ ನೋಡುತ್ತಿದ್ದರು.

“ಹಂಗ ಹಾಕಬಾರದು ಅಂತ ಇರಬಹುದು, ನನಗ ಪಕ್ಕಾ ಗೊತ್ತಿಲ್ರಿ. ಹಾಕಿದ್ರೂ ನನಗ ತಿಳಿಯಂಗಿಲ್ಲ,” ಎಂದೆ.

ಮಾಳಮ್ಮ ಕಾಗದವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. “ನಮ್ಮ ಮನ್ಯಾಗ ಶೆರೆ ಬಿಡಿಸೂದರಾಗ ನನ್ನ ಅರ್ಧ ಆಯುಷ್ಯ ಹೋತು ತಂಗಿ. ಈಗ ನಾನೇ ಬಾಟ್ಲಿ ಮ್ಯಾಲ ಕುಂತ್ರ, ಮನೀ ಗಂಡಸು ಏನ್ ಅಂದಾನು?”

ನಗು ತಡೆಯಲಾಗಲಿಲ್ಲ. ಆಕೆಯ ಎದುರೇ ಚಿತ್ರ ಅಳಿಸಲು ಗುಂಡಿಯ ಮೇಲೆ ಬೆರಳಿಟ್ಟೆ. ಆಕೆ ಕೈ ಹಿಡಿದರು.

“ಅಳಿಸಬ್ಯಾಡ್ರಿ. ನಿಮ್ಮ ಮನ್ಯಾಗ ಇಟ್ಕೊರಿ. ಮಾರಬ್ಯಾಡ್ರಿ ಅಷ್ಟ. ಮಾರಾಕ ಕುರಿ ತಗೀರಿ, ಬೇಕಾದ್ರ ಅವುಗಳ ಪರವಾಗಿ ಹೆಬ್ಬಟ್ಟು ಒತ್ತತೀನಿ.”

ಆಮೇಲಿನ ತಾಸು ಆಕೆಯದೇ ಆಡಳಿತ. ಸೀಟಿ ಊದಿ ಕುರಿಗಳನ್ನು ಏರಿಯ ಮೇಲೆ ಹತ್ತಿಸಿದರು, ಬಿಸಿಲು ಬೀಳುವಲ್ಲಿ ನಿಲ್ಲಿಸಿದರು. ಕಮಲಾಬಾಯಿಯೂ ಚೀಲವನ್ನು ಕೆಳಗಿಟ್ಟು ದಾರಿ ತಪ್ಪಿದ ಕುರಿಗಳ ಹಿಂದೆ ಓಡಿದರು. ಕೊನೆಗೆ ಮಾಳಮ್ಮ ಹುಟ್ಟಿ ಒಂದೆರಡು ದಿನವಾದ ಮರಿಯೊಂದನ್ನು ಕಂಬಳಿಯೊಳಗಿಂದ ತೆಗೆದು ಎದೆಗೆ ಹಿಡಿದರು. ಮುಖ ಬಿಟ್ಟು, ಕಡಗ ತೊಟ್ಟ ಎರಡು ಕೈ ಮತ್ತು ಮರಿಯನ್ನಷ್ಟೇ ಚೌಕಟ್ಟಿನಲ್ಲಿ ಇಟ್ಟೆ. ಪರದೆಯಲ್ಲಿ ತೋರಿಸಿದೆ. “ಇದು ಅಡ್ಡಿಲ್ಲ. ಕೈ ಯಾರದು ಅಂತ ಯಾರ್ ಕೇಳತಾರ?” ಎಂದರು.

ಆ ಚಿತ್ರಗಳು ಏನಾದವು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಟರ್‌ನೆಟ್ ಅಂಗಡಿಯ ನಿಧಾನದ ಲೈನಿನಲ್ಲಿ, ನಡುವೆ ಕರೆಂಟು ಹೋಗಿ ಬಂದು, ಹತ್ತು ಚಿತ್ರ ಕಳಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕೆಲವು ವಾರಗಳ ಮೇಲೆ ಉತ್ತರ ಬಂತು, ಪಾಸಾಗಿದ್ದೆ. ಮೊದಲು ಮಾರಾಟವಾದದ್ದು ಕೈ ಮತ್ತು ಮರಿಯ ಚಿತ್ರ. ಕೊಂಡವರು ಯಾರೆಂದು ಏಜೆನ್ಸಿ ಹೇಳಲಿಲ್ಲ. ಬಂದ ಪಾಲು ಒಂದು ಬಸ್ ಟಿಕೆಟ್ಟಿಗೂ ಸಾಲುತ್ತಿರಲಿಲ್ಲ. ಆದರೂ ಮನೆಯಲ್ಲಿ ಸಿಹಿ ಸಜ್ಜಕ ಮಾಡಿ ಎಲ್ಲರಿಗೂ ಬಡಿಸಿದೆ.

ಆದರೆ ಆ ದಿನ ಸಂಜೆ ಮರಳಿ ಬಸ್ಸು ಹತ್ತಿದಾಗ ಇದಾವುದೂ ಗೊತ್ತಿರಲಿಲ್ಲ. “ಒಂದ್ ಮಾತು ಇಲ್ಲ ಅಂದಿದ್ರ ಆಗತಿತ್ತು,” ಎಂದು ಕಮಲಾಬಾಯಿ ಗೊಣಗುತ್ತಲೇ ಇದ್ದರು. ಊರು ದಾಟುತ್ತಿದ್ದಂತೆ ಬಸ್ಸು ಗಕ್ಕನೆ ನಿಂತಿತು. ರಸ್ತೆಯ ತುಂಬ ಕುರಿ. ನಡುವೆ ಮಾಳಮ್ಮ, ಅವಸರವೇ ಇಲ್ಲದೆ. ಕಿಟಕಿಯಲ್ಲಿ ನಮ್ಮನ್ನು ಕಂಡದ್ದೇ ಕಂಬಳಿಯಿಂದ ಥಟ್ಟನೆ ಮುಖ ಮುಚ್ಚಿಕೊಂಡು ಒಂದೇ ಕಣ್ಣಿನಿಂದ ಇಣುಕಿದರು.

ಕಮಲಾಬಾಯಿ ಕಿಟಕಿಯಿಂದ ತಲೆ ಹೊರಹಾಕಿದರು. “ಕಂಬಳಿ ತಗೀರಿ ಮಾಳಮ್ಮ, ಕ್ಯಾಮೆರಾ ಚೀಲದಾಗ ಐತಿ.”

ಕಂಬಳಿ ಕೆಳಗಿಳಿಯಿತು. ಇಳಿಬಿಸಿಲಿನಲ್ಲಿ ಆ ಮುಖ ಪೂರ್ತಿ ನಕ್ಕಿತು. ಕ್ಯಾಮೆರಾ ಇದ್ದ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡು, ಕೊನೆಯ ಕುರಿ ರಸ್ತೆ ದಾಟುವವರೆಗೂ ನಾನು ಬರಿಗಣ್ಣಿನಿಂದ ನೋಡುತ್ತ ಕುಳಿತೆ.