ಚೊತ್ತೊ ಎಂದರೆ ಸ್ವಲ್ಪ

ಜಪಾನಿನ ಉತ್ತರ ತುದಿಯ ಹೊಕ್ಕೈಡೊದ ಆ ಬೆಟ್ಟಕ್ಕೆ ನಾವು ಹೋದದ್ದು ಎರಡು ಸ್ನೋಮೊಬೈಲ್‌ಗಳಲ್ಲಿ ಯಾವುದರ ಎಂಜಿನ್ ಮೇಲು ಎಂದು ನೋಡಲು. ಹಿಮದ ಮೇಲೆ ಓಡುವ ಬೈಕು ಎಂದುಕೊಳ್ಳಿ. ಮುಂದೆ ಜಾರುವ ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ. ಒಂದಕ್ಕೆ ದೊಡ್ಡ ಸಿಲಿಂಡರ್‌ಗಳ ಎಂಜಿನ್, ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುವಂಥದ್ದು. ಇನ್ನೊಂದಕ್ಕೆ ಟರ್ಬೊ. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗಿ, ಎಂಜಿನ್ನಿನೊಳಗೆ ಗಾಳಿಯನ್ನು ತುರುಕುತ್ತದೆ. ಆ ಟರ್ಬೊವನ್ನು ಟ್ಯೂನ್ ಮಾಡುವುದು ನನ್ನ ಕೆಲಸ. ಎಡೋಗಾವಾದ ಮನೆಯಲ್ಲಿ ಗಂಡನನ್ನೂ ಎಂಟು ವರ್ಷದ ಮಗಳನ್ನೂ ಬಿಟ್ಟು ಬಂದು ಒಂದು ವಾರವಾಗಿತ್ತು. ಹಿಮದ ಫೋಟೊ ತೆಗೆಯುವ ಉತ್ಸಾಹ ಎರಡನೇ ದಿನಕ್ಕೇ ಇಳಿದುಹೋಗಿತ್ತು.

ಗಾಡಿ ಓಡಿಸುತ್ತಿದ್ದವರು ಆ ಬೆಟ್ಟದ ಬುಡದ ಊರಿನ, ಅರವತ್ತು ದಾಟಿದ ಹಿರಿಯರೊಬ್ಬರು. ಅವರು ದೊಡ್ಡ ಎಂಜಿನ್ನಿನ ಪಕ್ಷ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಅದರ ಶಕ್ತಿಯೂ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಅದು ದೋಷ. ಅವರ ಲೆಕ್ಕವೇ ಬೇರೆ.

"ನನಗೆ ಉಸಿರು ಕಟ್ಟೋ ಜಾಗದಲ್ಲೇ ಇದಕ್ಕೂ ಕಟ್ಟುತ್ತೆ. ಇಬ್ಬರೂ ಒಟ್ಟಿಗೆ ವಾಪಸ್ ಬರ್ತೀವಿ" ಎಂದು ಅದರ ಸೀಟು ತಟ್ಟುತ್ತಿದ್ದರು. ನಾನು ಟರ್ಬೊ ಕಡೆ ಕೈ ತೋರಿಸಿ, ಇದು ಹೇಗೆ ಎಂದು ಕೆಣಕಿದರೆ, "ಅದಕ್ಕೆ ಸುಸ್ತೇ ಆಗೋದಿಲ್ಲ. ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತೆ" ಎನ್ನುತ್ತಿದ್ದರು. ಮುರುಕು ಜಪಾನಿಯ ನಾನು ಅದನ್ನು ಹೊಗಳಿಕೆ ಎಂದೇ ತಿಳಿದು ಹಿಗ್ಗಿದ್ದೆ.

ಕೊನೆಯ ದಿನ ಭಾನುವಾರ. ಹಿಂದಿನ ದಿನವಿಡೀ ಗಾಳಿಯ ಜೊತೆ ಹೊಸ ಹಿಮ ಸುರಿದು, ಬೆಳಿಗ್ಗೆ ಬಿಸಿಲು ಬಿದ್ದಿತ್ತು. ನಮ್ಮ ಇಬ್ಬರು ಮೆಕ್ಯಾನಿಕ್‌ಗಳಿದ್ದ ಟೆಂಟಿನ ಕಡೆ ನಡೆಯುವಾಗ ಕಾಲಡಿಯ ಹಿಮ 'ಧಪ್' ಎಂದು ಒಮ್ಮೆಗೇ ಕುಸಿಯಿತು. ಖಾಲಿ ಡಬ್ಬದ ಮೇಲೆ ಕಾಲಿಟ್ಟಂಥ ಸದ್ದು. ಅವರು ನಿಂತರು, ಮಂಡಿಯೂರಿ ಕೈಯಿಂದ ಹಿಮ ಬಗೆದು ನೋಡಿದರು, ಆಮೇಲೆ ಇಳಿಜಾರಿನತ್ತ ಬಹಳ ಹೊತ್ತು ನೋಡಿದರು. ಏನೆಂದು ನಾನು ಕೇಳಲಿಲ್ಲ, ನನಗೆ ಚಳಿಯಾಗುತ್ತಿತ್ತು.

ಉಳಿದಿದ್ದು ಒಂದೇ ಪರೀಕ್ಷೆ. ಎರಡೂ ಗಾಡಿ ಆ ಕಡಿದಾದ ಇಳಿಜಾರನ್ನು ಹತ್ತಬೇಕು. ಶಿನಾಗಾವಾದ ನಮ್ಮ ಆಫೀಸಿನಿಂದ ಬಾಸ್, ಅವರೂ ಬೆಂಗಳೂರಿನವರೇ, ಬೆಳಿಗ್ಗೆಯೇ ಫೋನ್ ಮಾಡಿದ್ದರು.

"ಆ ಒಂದು ರನ್ ಆಗ್ಬಿಟ್ರೆ ರಿಪೋರ್ಟ್ ಕ್ಲೋಸ್ ಕಣ್ರೀ. ಏನಾದ್ರೂ ಇಶ್ಯೂ ಇದ್ರೆ ಅಲ್ಲೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಮೊದಲು ದೊಡ್ಡ ಎಂಜಿನ್ ಹೋಯಿತು. ಮುಕ್ಕಾಲು ಭಾಗ ಹತ್ತಿದ ಮೇಲೆ ಅದರ ಗುಡುಗು ಮೆತ್ತಗಾಯಿತು. ಅವರು ಅಲ್ಲೇ ತಿರುಗಿಸಿ ಇಳಿದು ಬಂದರು. ಮುಂದೆ ಟರ್ಬೊ, ತುದಿಯವರೆಗೆ ಎಂದೆ. ಅವರು ಕತ್ತು ಓರೆ ಮಾಡಿ, ಹಲ್ಲಿನ ಸಂದಿಯಿಂದ 'ಸ್ಸ್' ಎಂದು ಉಸಿರೆಳೆದರು.

"ಟರ್ಬೊದಲ್ಲಿ ಮೇಲಕ್ಕೆ... ಚೊತ್ತೊ..."

ವಾಕ್ಯ ಅಲ್ಲಿಗೇ ನಿಂತಿತು. ಚೊತ್ತೊ ಎಂದರೆ ಸ್ವಲ್ಪ. ಜಪಾನಿಗೆ ಬಂದ ಮೊದಲ ವಾರ ಕಲಿತ ಪದ. ಆಕ್ಸಿಲರೇಟರ್ ಒತ್ತಿದ ಮೇಲೆ ಟರ್ಬೊದ ಶಕ್ತಿ ತಡವಾಗಿ ಬರುತ್ತದೆ ಎಂದು ಅವರು ವಾರವಿಡೀ ಹೇಳಿದ್ದರು. ಅದೇ ದೂರು, ಸ್ವಲ್ಪ ತಡ ಎನ್ನುತ್ತಿದ್ದಾರೆ ಎಂದು ಲ್ಯಾಪ್‌ಟಾಪ್ ತೆರೆದು ಸರಿಪಡಿಸಿದೆ. ಈಗ ಹೇಗೆ ಎಂದೆ. ಅವರು ಸ್ಕ್ರೀನ್ ನೋಡಲಿಲ್ಲ, ಬೆಟ್ಟ ನೋಡಿದರು. "ಚೊತ್ತೊ..." ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಇನ್ನೊಮ್ಮೆ ಬದಲಿಸಿ, "ಈಗ ಸ್ವಲ್ಪವೂ ತೊಂದರೆ ಇರುವುದಿಲ್ಲ, ದಯವಿಟ್ಟು" ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿದೆ. ಕೆಲಸ ಕೊಟ್ಟ ಕಂಪನಿಯವಳು ಅಷ್ಟು ಬಗ್ಗಿದ ಮೇಲೆ ಆ ವಯಸ್ಸಿನ ಜಪಾನಿಯೊಬ್ಬರು ಇನ್ನೇನು ಮಾಡಿಯಾರು? ಅವರೂ ಬಗ್ಗಿದರು. ಹಿಮದಡಿ ಸಿಕ್ಕವರನ್ನು ಹುಡುಕಲು ಸಿಗ್ನಲ್ ಕೊಡುವ ಪುಟ್ಟ ಯಂತ್ರವೊಂದನ್ನು ಎದೆಗೆ ಕಟ್ಟಿಕೊಂಡಿರುತ್ತಿದ್ದರು. ಅಂದು ಅದನ್ನು ಎರಡು ಸಲ ಪರೀಕ್ಷಿಸಿಕೊಂಡು ಹೊರಟರು.

ಅಷ್ಟರಲ್ಲಿ ಮಗಳ ವಿಡಿಯೊ ಕಾಲ್ ಬಂತು. ನಾನು ನಗುತ್ತಲೇ ಹೇಳಿದೆ: "ನಮ್ಮ ಡ್ರೈವರ್ ತಾತ ನೋಡು ಪುಟ್ಟಾ, ಬೆಳಿಗ್ಗೆಯಿಂದ ಬರೀ ಚೊತ್ತೊ ಚೊತ್ತೊ ಅಂತಾರೆ. ಏನು ಸ್ವಲ್ಪ ಅಂತ ಹೇಳೋದೇ ಇಲ್ಲ."

ಅವಳು ನಗಲಿಲ್ಲ. "ಬಟ್ ಅಮ್ಮಾ, ದಟ್ ಮೀನ್ಸ್ ನೋ."

"ಸ್ವಲ್ಪ ಅಂತ ಅಲ್ವೇನೇ?"

"ಹಾಗೆ ಹೇಳಿ ಸ್ಟಾಪ್ ಮಾಡಿದ್ರೆ ನೋ. ನಮ್ ಕ್ಲಾಸ್ ಸೆನ್ಸೇ ಹಾಗೇ ಹೇಳೋದು." ಟರ್ಬೊದ ಸಿಳ್ಳೆ ಅವಳಿಗೂ ಕೇಳಿಸಿತೇನೋ. "ದೆನ್ ವೈ ಇಸ್ ಹೀ ಗೋಯಿಂಗ್?"

ತಲೆಯೆತ್ತಿದೆ. ದೊಡ್ಡ ಎಂಜಿನ್ ತಿರುಗಿದ್ದ ಜಾಗವನ್ನು ದಾಟಿ ಗಾಡಿ ಹತ್ತುತ್ತಲೇ ಇತ್ತು. ಸದ್ದಿನಲ್ಲಿ ಸುಸ್ತಿನ ಸುಳಿವೇ ಇಲ್ಲ. ನಿಲ್ಲಿಸಿ ಎಂದು ರೇಡಿಯೊದಲ್ಲಿ ಕೂಗಬೇಕು, ಜಪಾನಿಯಲ್ಲಿ ಆ ಪದ ಬಾಯಿಗೆ ಬರಲಿಲ್ಲ. "ಬೇಡ, ಬೇಡ" ಎಂದು ಕನ್ನಡದಲ್ಲೇ ಕಿರುಚಿದೆ. ಅವರ ಮೇಲ್ಗಡೆ ಹಿಮದಲ್ಲಿ ಅಡ್ಡಕ್ಕೆ ಒಂದು ಗೆರೆ ಮೂಡಿತು. ಗೆರೆಯ ಕೆಳಗಿನದೆಲ್ಲ ನಿಧಾನವಾಗಿ, ಆಮೇಲೆ ಬಹಳ ಬೇಗ, ಜಾರತೊಡಗಿತು. ಸಿಳ್ಳೆ ನಿಂತಿತು. ಮಗಳು ಫೋನಿನಲ್ಲಿ ಅಮ್ಮಾ, ಅಮ್ಮಾ ಎನ್ನುತ್ತಿದ್ದಳು.

ಇಬ್ಬರು ಮೆಕ್ಯಾನಿಕ್‌ಗಳು ಸಿಗ್ನಲ್ ಹಿಡಿದು ಓಡಿದರು. ನಾನೂ ಸಲಿಕೆ ಹಿಡಿದು ಅವರ ಹಿಂದೆ. ಜಾರಿ ನಿಂತ ಹಿಮ ಸಿಮೆಂಟಿನಷ್ಟು ಗಟ್ಟಿ. ಮೊದಲು ಸಿಕ್ಕಿದ್ದು ಗವಸು, ಆಮೇಲೆ ಹೆಲ್ಮೆಟ್. ಮುಖ ನೀಲಿಯಾಗಿತ್ತು. ಅವರು ಉಸಿರೆಳೆದದ್ದು ಕೇಳುವವರೆಗೆ ನಾನು ಉಸಿರಾಡಿದ ನೆನಪಿಲ್ಲ.

ಅವರ ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ನನ್ನ ಗ್ರಾಫಿನಲ್ಲಿ ಟರ್ಬೊದ ಗೆರೆ ಎಲ್ಲೂ ಬಾಗದೆ ಮೇಲಕ್ಕೆ ಹೋಗಿ ಕಡಿದುಹೋಗಿತ್ತು. ಅತಿ ಎತ್ತರಕ್ಕೆ ಹೋದದ್ದು ಅದೇ ಆದ್ದರಿಂದ ರಿಪೋರ್ಟಿನಲ್ಲಿ ಟರ್ಬೊ ಗೆದ್ದಿತು. ಅದರ ಕೆಳಗೆ ಸಹಿ ನನ್ನದೇ. ಆ ಸಹಿ ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೂರು ವಾರದ ಮೇಲೆ ಆಸ್ಪತ್ರೆಗೆ ಹೋದೆ. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ಮಲಗಿದಲ್ಲಿಂದಲೇ ತಲೆ ಬಾಗಿಸಿ, "ಸುಮಿಮಾಸೆನ್, ಕ್ಷಮಿಸಿ, ನಿಮ್ಮ ಪರೀಕ್ಷೆ ಪೂರ್ತಿಯಾಗಲಿಲ್ಲ" ಎಂದರು. ನಾನು ಅತ್ತುಬಿಟ್ಟೆ. ಸಮಾಧಾನವಾದ ಮೇಲೆ ಬಾಯಿ ಸುಮ್ಮನಿರದೆ ಕೇಳಿದೆ, ಮುಂದಿನ ಚಳಿಗಾಲಕ್ಕೆ ಆ ದೊಡ್ಡ ಎಂಜಿನ್ ಗಾಡಿ ಹತ್ತುತ್ತೀರಲ್ಲವೇ ಎಂದು.

ಅವರು ಕಿಟಕಿಯ ಕಡೆ ನೋಡಿದರು. ಕತ್ತು ಓರೆಯಾಯಿತು. ಹಲ್ಲಿನ ಸಂದಿಯಿಂದ ಉಸಿರೆಳೆದರು.

"ಚೊತ್ತೊ..."

ಈ ಸಲ ನಾನು ಆ ಪದಕ್ಕೆ ಏನನ್ನೂ ಸೇರಿಸದೆ ಅವರ ಹೊದಿಕೆ ಸರಿಮಾಡಿದೆ.