ವಾಪಸ್ ಬಂದ ಮೇಲೆ ಪೆನ್ನು

ಗಂಗಣ್ಣನವರ ಗ್ಯಾರೇಜಿನಲ್ಲಿ ಸ್ಪ್ಯಾನರು ಬೇಕಾದರೆ ಹುಡುಕಬೇಕಿತ್ತು, ಮ್ಯಾಪು ಬೇಕಾದರೆ ಕೈಯೆತ್ತಿದರೆ ಸಾಕಿತ್ತು. ನಾಯಂಡಹಳ್ಳಿಯ ಆ ಶೆಡ್ಡಿನ ಸೂರಿಗೆ ನೀರಿನ ಪೈಪಿನ ತುಂಡುಗಳನ್ನು ತಂತಿ ಕಟ್ಟಿ ತೂಗುಹಾಕಿದ್ದರು. ಒಂದೊಂದರಲ್ಲೂ ಸುರುಳಿ ಸುತ್ತಿಟ್ಟ ಒಂದೊಂದು ತಾಲ್ಲೂಕು: ಮಾಗಡಿ, ಕುಣಿಗಲ್, ಕನಕಪುರ. ಮ್ಯಾಪು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಬೈಕು ಮುಟ್ಟಲು ಅಂಥ ಮಡಿಯೇನೂ ಇರಲಿಲ್ಲ.

ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಭಾನುವಾರ ಮಾತ್ರ ಬೈಕಿನವಳು. ಫೋನನ್ನು ನಂಬಿದರೆ ಅದು ಎಲ್ಲಿಂದೆಲ್ಲಿಗೆ ಹೊರಟರೂ ಹೈವೇಗೆ ತಂದು ನಿಲ್ಲಿಸುತ್ತದೆ. ನನಗೆ ಬೇಕಾದದ್ದು ಕೆರೆ ಏರಿಯ ದಾರಿ, ಹೊಲದ ಬದಿಯ ದಾರಿ. ಚೈನು ಬಿಗಿ ಮಾಡಿಸಲು ಹೋದವಳು ತಲೆಯ ಮೇಲಿನ ಪೈಪುಗಳನ್ನು ಕಂಡು ಅಲ್ಲೇ ಸಿಕ್ಕಿಬಿದ್ದೆ.

ಒಳ್ಳೆಯ ಮ್ಯಾಪು ಯಾವುದೆಂದು ಗೊತ್ತುಮಾಡುವುದನ್ನು ಗಂಗಣ್ಣ ಹೆಗ್ಗನಹಳ್ಳಿಯ ಹಳೇ ಪೇಪರ್ ಅಂಗಡಿಯಲ್ಲಿ ಕಲಿಸಿದರು. ನಾನು ಮಿರಮಿರ ಮಿಂಚುವ ಒಂದನ್ನು ಎತ್ತಿಕೊಂಡಿದ್ದೆ. ಅವರು ಅದನ್ನು ಬಿಡಿಸಿ, ಉಳಿದದ್ದೆಲ್ಲ ಬಿಟ್ಟು, ತಾವರೆಕೆರೆ ಕಡೆಯ ತಮ್ಮ ಹುಟ್ಟೂರನ್ನು ಹುಡುಕಿದರು.

"ನೋಡು, ನಮ್ಮೂರ ಕೆರೇನ ರೋಡಿನ ಈಕಡೆ ಹಾಕವ್ನೆ. ನಾನು ಈಜು ಕಲ್ತ ಕೆರೆ ಕಣಮ್ಮ, ಅದು ಆಕಡೆ ಐತೆ. ನನಗೆ ಗೊತ್ತಿರೋ ಊರೇ ತಪ್ಪಾದ್ಮೇಲೆ, ಗೊತ್ತಿಲ್ದಿರೋ ಊರನ್ನ ಹೆಂಗ್ ನಂಬ್ಲಿ?"

ಅದನ್ನು ಅಲ್ಲೇ ಬಿಟ್ಟು, ಅಂಚನ್ನು ಗೆದ್ದಲು ತಿಂದಿದ್ದ ಇನ್ನೊಂದನ್ನು ತಂದರು. ಅದರಲ್ಲಿ ಕೆರೆ ಇರಬೇಕಾದ ಕಡೆಯೇ ಇತ್ತು. ಈಗ ನಾನೂ ಯಾವ ಮ್ಯಾಪು ಸಿಕ್ಕರೂ ಮೊದಲು ನಮ್ಮಜ್ಜಿಯ ಊರು ಹುಡುಕುತ್ತೇನೆ.

ಅವರದ್ದೊಂದು ಕಟ್ಟುನಿಟ್ಟಿನ ಕಾನೂನಿತ್ತು. ಹೋದ ದಾರಿಯನ್ನು ಪೆನ್ಸಿಲಿನಲ್ಲಿ ಎಳೆಯಬೇಕು. ಅದೇ ದಾರಿಯಲ್ಲಿ ವಾಪಸ್ ಬಂದ ಮೇಲಷ್ಟೇ ಪೆನ್ನು. "ಹೋಗ್ತಾ ಒಂದೇ ರೋಡು ಅನ್ಕೊಂಡಿರ್ತೀಯ. ವಾಪಸ್ ಬರ್ತಾ ನೋಡು, ಎರಡಾಗಿ ನಿಂತಿರುತ್ತೆ," ಎನ್ನುತ್ತಿದ್ದರು.

ನಾನೋ ಗಣಿತದವಳು, ಎ ಇಂದ ಬಿ ಅಂದರೆ ಬಿ ಇಂದ ಎ ಅಷ್ಟೇ ತಾನೆ! ಒಮ್ಮೆ ಹುಲಿಯೂರುದುರ್ಗದ ಒಳದಾರಿಯೊಂದನ್ನು ಠೀವಿಯಿಂದ ನೇರ ಪೆನ್ನಿನಲ್ಲೇ ಎಳೆದೆ.

"ವಾಪಸ್ ಬಂದ್ಯಾ?"

"ಹೈವೇಲಿ ಬಂದೆ ಅಣ್ಣ. ಲೇಟಾಗಿತ್ತು."

ಬ್ಲೇಡು ತಂದು ನನ್ನ ಗೆರೆಯನ್ನು ಕೆರೆದರು. ಕಾಗದ ಒಂದು ಕಡೆ ತೂತೇ ಆಯಿತು. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಭಾನುವಾರ ಹಟ ಹಿಡಿದು ಅದೇ ದಾರಿಯಲ್ಲಿ ಹೋಗಿ, ಅದೇ ದಾರಿಯಲ್ಲಿ ತಿರುಗಿದೆ. ಬರುವಾಗ ಕವಲೊಂದರಲ್ಲಿ ತಪ್ಪಿ, ಬೈಕನ್ನು ಸೀದಾ ಯಾರದೋ ರಾಗಿ ಕಣಕ್ಕೆ ನುಗ್ಗಿಸಿದೆ. ಕಣದ ಅಜ್ಜಿ ಪೊರಕೆ ಹಿಡಿದು ಬಂದಳು. ಇದನ್ನು ಹೇಳಿದಾಗ ಗಂಗಣ್ಣ ಬಿದ್ದು ಬಿದ್ದು ನಕ್ಕು, ತಾವೇ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಹೋದ ವರ್ಷ ಒಬ್ಬರೇ ಹುತ್ರಿದುರ್ಗದ ಆಚೆಗೊಂದು ಹೊಸ ದಾರಿ ಹುಡುಕಿ ಹೋದರು. ದಾರಿ ಮುಗಿದ ಊರಿನಲ್ಲಿ ಪೆನ್ಸಿಲ್ ಗೆರೆ ಎಳೆದು ಟೀ ಕುಡಿಯುತ್ತಿದ್ದಾಗ ಎದೆನೋವು ಬಂತು. ಊರಿನವರು ಆಂಬುಲೆನ್ಸ್ ಕರೆಸಿ ಕಳಿಸಿದರು. ಆಸ್ಪತ್ರೆಯಲ್ಲಿ ನನ್ನನ್ನು ಕಂಡೊಡನೆ ಅವರು ಹೇಳಿದ್ದು ದಾರಿಯ ವಿಷಯವೇ.

"ಅದೊಂದು ಪೆನ್ಸಿಲಲ್ಲೇ ಉಳೀತು, ಟೀಚರಮ್ಮ."

"ವಾಪಸ್ ಬಂದ್ರಲ್ಲ ಅಣ್ಣ, ಅದೇ ದಾರೀಲಿ!"

"ಮಲ್ಕೊಂಡ್ ಬಂದಿದ್ದು ಲೆಕ್ಕಕ್ಕಿಲ್ಲ ಕಣಮ್ಮ. ಆಂಬುಲೆನ್ಸ್ ಚಾವಣಿ ಬಿಟ್ರೆ ಏನ್ ಕಾಣ್ತು? ನೀನು ಮುಗಿಸ್ಬಿಡು."

"ಮುಗಿಸ್ತೀನಿ, ನಿಮಗೇ ತಂದು ತೋರಿಸ್ತೀನಿ," ಎಂದೆ. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಅವರು ಶನಿವಾರ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ಆ ಮ್ಯಾಪಿದ್ದ ಪೈಪನ್ನು ನನ್ನ ಕೈಗಿಟ್ಟರು. ಪೆನ್ಸಿಲ್ ಗೆರೆ ಹಿಡಿದು ಹೋದೆ, ಎಲ್ಲೂ ತಪ್ಪಲಿಲ್ಲ. ವಾಪಸ್ ಬರುವಾಗ ಒಂದು ಆಲದ ಮರದ ಕೆಳಗೆ ದಾರಿ ಎರಡಾಗಿ ನಿಂತಿತ್ತು. ಮ್ಯಾಪಿನಲ್ಲಿ ಆ ಕವಲು ಇರಲಿಲ್ಲ. ಆಡು ಮೇಯಿಸುತ್ತಿದ್ದವಳನ್ನು ಕೇಳಿ, ಗುರುತು ಹಾಕಿಕೊಂಡು, ಎಡಕ್ಕೆ ತಿರುಗಿದೆ.

ಮನೆಗೆ ಹೋಗುವಷ್ಟು ತಾಳ್ಮೆ ಇರಲಿಲ್ಲ. ಬಾಗಿಲು ಹಾಕಿದ್ದ ಶೆಡ್ಡಿನ ಮುಂದೆ ಬೈಕು ನಿಲ್ಲಿಸಿ, ಬಾಟಲಿ ನೀರಿನಲ್ಲಿ ಕೈ ತೊಳೆದು ಒರೆಸಿಕೊಂಡು, ಟ್ಯಾಂಕಿನ ಮೇಲೆ ಮ್ಯಾಪು ಹರಡಿ, ಪೆನ್ನಿನಲ್ಲಿ ಎಳೆದೆ. ಆಲದ ಮರದ ಹತ್ತಿರ ಅಳು ಬಂದು, ಗೆರೆ ಸೊಟ್ಟಗಾಯಿತು. ಗಂಗಣ್ಣ ಇದ್ದಿದ್ದರೆ ಬ್ಲೇಡು ಹುಡುಕುತ್ತಿದ್ದರು.